ಶಿಲೆಯ ಲತೆ, ಓಲೆಯ ಮೂಲಿಕೆ

ಶ್ರವಣಬೆಳಗೊಳದ ಗೊಮ್ಮಟನ ಅಂಗಗಳನ್ನು ಬಳಸಿದ ಮಾಧವೀಲತೆ ದೀರ್ಘ ತಪಸ್ಸಿನ ಸಂಕೇತ. ಅದರ ಎಲೆಯ ಲಕ್ಷಣವನ್ನು ಪರೀಕ್ಷಿಸುವ ಅಗತ್ಯ ಭಕ್ತನಿಗಿಲ್ಲ. ವೈದ್ಯಗ್ರಂಥದ ಮಾತು ಬೇರೆ. 14ನೆಯ ಶತಮಾನದ ಜೈನಕವಿ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷಚಿಕಿತ್ಸೆಯ ಕೃತಿ. ಅಲ್ಲಿ ಮೂಲಿಕೆಯ ಗುರುತು ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಇಂತಹ ಕೃತಿಗಳ ಪಾಠಾಂತರಗಳನ್ನು ಶ್ರದ್ಧೆಯಿಂದ ಕೊಡುವ ಸಂಪಾದಕರು ಸಸ್ಯನಾಮಗಳಿಗೆ ನಿಘಂಟಿನ ಪರ್ಯಾಯಪದವನ್ನಷ್ಟೇ ಕೊಟ್ಟರೆ ಸಾಲದು. ‘ಬ್ರಾಹ್ಮೀ’ ಎಂಬ ಒಂದೇ ಹೆಸರು ದುಂಡೆಲೆಯ ಒಂದೆಲಗಕ್ಕೂ ಕಿರಿದಾದ ದಪ್ಪೆಲೆಯ ನೀರುಬ್ರಾಹ್ಮಿಗೂ ಸಲ್ಲುತ್ತದೆ. ಇದನ್ನು ಬಗೆಹರಿಸಲು ಓಲೆಯನ್ನು ಬಿಟ್ಟು ನೆಲವನ್ನು ನೋಡಬೇಕು. ರಾಯಚೂರು ಜಿಲ್ಲೆಯೊಂದರಲ್ಲಿಯೇ ಸಿಂಧನೂರಿನ ಕಾಲುವೆಯಂಚು, ಲಿಂಗಸುಗೂರಿನ ಹೊಲ, ಮಸ್ಕಿಯ ಕಲ್ಲುಗುಡ್ಡಗಳ ಸಸ್ಯಗಳನ್ನು ಅಲ್ಲಲ್ಲಿಯ ಜನರ ಹೆಸರುಗಳೊಡನೆ ಸಂಗ್ರಹಿಸಿ, ಎಲೆ, ಹೂ, ಕಾಯಿಗಳ ರೇಖಾಚಿತ್ರಸಹಿತ ಅನುಬಂಧವಾಗಿ ಕೊಡಬಹುದು. ಇದು ಅಲಂಕಾರವಲ್ಲ, ಗ್ರಂಥಸಂಪಾದನೆಯ ಅಂಗವೇ ಆಗಿದೆ.