ರಥಿಯ ನೋಟ, ಸಾರಥಿಯ ನೋಟ

ಅಭಿಜ್ಞಾನ ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನು ಇಂದ್ರನ ರಥದಲ್ಲಿ ಕುಳಿತು ಸ್ವರ್ಗದಿಂದ ಇಳಿದುಬರುವ ಸನ್ನಿವೇಶವು ಸಹೃದಯರಿಗೆಲ್ಲ ಪರಿಚಿತವಾದುದು. ಪರ್ವತಗಳು ತಲೆಯೆತ್ತುತ್ತಿರುವಂತೆಯೂ ಭೂಮಿಯು ಅವುಗಳಿಂದ ಜಾರುತ್ತಿರುವಂತೆಯೂ ಅರಸನಿಗೆ ತೋರುತ್ತದೆ. ಎಲೆಗಳಲ್ಲಿ ಅಡಗಿದ್ದ ಮರಗಳ ಬೊಡ್ಡೆಗಳು ಹೊರಬೀಳುತ್ತವೆ. ನದಿಗಳು ಕಣ್ಣಿಗೆ ಕಾಣಬರುತ್ತವೆ. ವಿಮಾನವಿಲ್ಲದ ಕಾಲದಲ್ಲಿ ಮಹಾಕವಿಯು ಇದನ್ನು ಹೇಗೆ ಕಂಡನೆಂದು ಬೆರಗಾಗದವರಿಲ್ಲ. ಆದರೆ ಆ ರಥದಲ್ಲಿದ್ದವರು ಇಬ್ಬರು. ದುಷ್ಯಂತನು ಕುಳಿತು ನೋಡುವವನು. ಕಡಿವಾಣವಿದ್ದುದು ಮಾತಲಿಯ ಕೈಯಲ್ಲಿ. ಅರಸನು ಕಂಡುದು ಕಾವ್ಯವಾಯಿತು. ಸಾರಥಿಯ ಕಣ್ಣು ಏನನ್ನು ಅರಸುತ್ತಿದ್ದಿತು, ಅವನ ಕೈ ಏನು ಮಾಡುತ್ತಿದ್ದಿತು ಎಂಬುದನ್ನು ಕವಿಯು ಹೇಳಲಿಲ್ಲ. ನಾಟಕಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಆ ಎರಡನೆಯ ನೋಟವನ್ನು ಗದ್ಯಕ್ಕೆ ತಂದ ಗ್ರಂಥವೊಂದು 1944ರಲ್ಲಿ ಅಮೆರಿಕಾದಲ್ಲಿ ಪ್ರಕಟವಾಯಿತು. ಅದರ ಹೆಸರು ‘ಸ್ಟಿಕ್ ಅಂಡ್ ರಡ್ಡರ್’. ಎಂದರೆ, ವಿಮಾನವನ್ನು ನಡೆಸುವ ಹಿಡಿಕೋಲು ಮತ್ತು ಚುಕ್ಕಾಣಿ. ಗ್ರಂಥಕರ್ತರಾದ ವೋಲ್ಫ್‌ಗಾಂಗ್ ಲಾಂಗೆವೀಶೆ ಅವರು ಜರ್ಮನಿಯಲ್ಲಿ ಹುಟ್ಟಿ ಅಮೆರಿಕಾದಲ್ಲಿ ನೆಲೆಸಿದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೋರ್ಸೇರ್ ಎಂಬ ಯುದ್ಧವಿಮಾನಗಳನ್ನು ಹಾರಿಸಿ ಪರೀಕ್ಷಿಸಿದವರು. ಆದರೂ ಈ ಗ್ರಂಥವು ಮುಖ್ಯವಾಗಿ ಉದ್ದೇಶಿಸಿರುವುದು ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕಲಿಯಹೊರಟ ಸಾಮಾನ್ಯನನ್ನು. ಎಂಬತ್ತು ವರ್ಷಗಳು ಕಳೆದ ಮೇಲೂ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದಾರೆ. ಶಿಕ್ಷಾಗ್ರಂಥವೊಂದು ಇಷ್ಟು ಕಾಲ ಬಾಳುವುದು ಅಪರೂಪ. ಅದಕ್ಕೆ ಕಾರಣವನ್ನು ವಿಚಾರಿಸುವುದು ಉಚಿತ.

ಗ್ರಂಥದ ಪ್ರತಿಜ್ಞೆಯು ಸರಳವಾಗಿದೆ: ನೆಲದ ಮೇಲೆ ಬೆಳೆದ ಮನುಷ್ಯನ ಸಹಜಬುದ್ಧಿಯು ಆಕಾಶದಲ್ಲಿ ಅವನಿಗೆ ಶತ್ರುವಾಗುತ್ತದೆ. ಮೇಲೇರಬೇಕೆಂದವನು ಹಿಡಿಕೋಲನ್ನು ತನ್ನೆಡೆಗೆ ಎಳೆಯುತ್ತಾನೆ. ವಿಮಾನದ ಮೂತಿ ಮೇಲೇಳುತ್ತದೆ. ಕ್ಷಣಕಾಲ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ. ಅಷ್ಟರಲ್ಲಿ ವೇಗ ಕುಗ್ಗುತ್ತದೆ. ರೆಕ್ಕೆಯು ಗಾಳಿಯನ್ನು ಎದುರಿಸುವ ಕೋನ ಹಿಗ್ಗುತ್ತದೆ. ಆ ಕೋನವು ಸುಮಾರು 15 ಡಿಗ್ರಿಗಳನ್ನು ದಾಟಿತೆಂದರೆ, ರೆಕ್ಕೆಯ ಮೇಲ್ಮೈಯನ್ನು ಹತ್ತಿಕೊಂಡು ಹರಿಯುತ್ತಿದ್ದ ಗಾಳಿಯು ಅದನ್ನು ಬಿಟ್ಟು ಚದರುತ್ತದೆ. ಎತ್ತಿಹಿಡಿಯುವ ಬಲ ಕುಸಿದು ವಿಮಾನವು ಬೀಳತೊಡಗುತ್ತದೆ. ನೆಲವು ಏರಿಬರುವುದನ್ನು ಕಂಡ ಕೈ ಮತ್ತಷ್ಟು ಬಲವಾಗಿ ಎಳೆಯುತ್ತದೆ. ಉಳಿಯುವ ದಾರಿಯಾದರೋ ಇದಕ್ಕೆ ವಿರುದ್ಧ: ಯಾವ ನೆಲಕ್ಕೆ ಹೆದರಿದನೋ ಆ ನೆಲದ ಕಡೆಗೇ ಕೋಲನ್ನು ಮುಂದೊತ್ತಿ, ರೆಕ್ಕೆಗೆ ಗಾಳಿಯನ್ನು ಮರಳಿ ದೊರಕಿಸಬೇಕು. ತಿರುಗುವಾಗಲೂ ಹೀಗೆಯೇ. ವಿಮಾನವನ್ನು ತಿರುಗಿಸುವುದು ವಾಲಿಸಿದ ರೆಕ್ಕೆಯೇ ಹೊರತು ಚುಕ್ಕಾಣಿಯಲ್ಲ. ನೆಲಕ್ಕೆ ಸಮೀಪದಲ್ಲಿ ವಾಲಲು ಅಂಜಿ, ಕಾಲಿನಿಂದ ಚುಕ್ಕಾಣಿಯನ್ನೊತ್ತಿ ಮೂತಿಯನ್ನು ಹೊರಳಿಸಹೋದವನು ಸುಳಿಗೆ ಸಿಕ್ಕಿದಂತೆ ಸುತ್ತುತ್ತ ಬೀಳುತ್ತಾನೆ. ಭಯವೇ ಭಯಪಟ್ಟುದನ್ನು ತಂದೊಡ್ಡುತ್ತದೆಂಬ ಮಾತು ವೇದಾಂತದಲ್ಲಿ ಉಪದೇಶ. ಇಲ್ಲಿ ಅದು ಕೈಕಾಲುಗಳ ಲೆಕ್ಕ.

ಇನ್ನು ಇಳಿಯುವ ಪ್ರಕರಣ. ಕಾಳಿದಾಸನ ಅರಸನಿಗೆ ಭೂಮಿಯೆಲ್ಲವೂ ಚಲಿಸುವಂತೆ ಕಂಡಿತಷ್ಟೆ. ಲಾಂಗೆವೀಶೆಯವರು ವಿದ್ಯಾರ್ಥಿಗೆ ಕೇಳುವ ಪ್ರಶ್ನೆ ಬೇರೆ: ಈ ಚಲನೆಯ ನಡುವೆ ಚಲಿಸದಿರುವುದು ಯಾವುದು? ಒಂದೇ ಓಟದಲ್ಲಿ ಜಾರಿ ಇಳಿಯುತ್ತಿರುವಾಗ, ಎದುರಿನ ಗಾಜಿನಲ್ಲಿ ದೂರದ ಗುರುತುಗಳು ಮೇಲಕ್ಕೆ ಸರಿಯುತ್ತವೆ. ಸಮೀಪದವು ಕೆಳಕ್ಕೆ ಸರಿದು ಮರೆಯಾಗುತ್ತವೆ. ನಡುವೆ ಒಂದು ಬಿಂದುವು ಮಾತ್ರ ಮೇಲೇರದೆ ಕೆಳಗಿಳಿಯದೆ ಗಾಜಿನಲ್ಲಿ ನಿಂತಲ್ಲೇ ನಿಲ್ಲುತ್ತದೆ. ವಿಮಾನವು ಹೋಗಿ ಮುಟ್ಟುವುದು ಅಲ್ಲಿಗೇ. ನೋಟವೊಂದೇ ಆದರೂ ರಥಿಗೆ ಅದು ವಿಸ್ಮಯ, ಸಾರಥಿಗೆ ಗುರುತು. ಕವಿಯ ಕಣ್ಣಿಗಿಂತ ಈ ಕಣ್ಣು ಕಡಿಮೆ ಸೂಕ್ಷ್ಮವಾದುದೆಂದು ಹೇಳುವಂತಿಲ್ಲ.

ಗ್ರಂಥದ ಗುಣವೆಲ್ಲವೂ ಈ ಸೂಕ್ಷ್ಮತೆಯಲ್ಲಿದೆ. ಸೂತ್ರಗಳನ್ನೂ ಗಣಿತವನ್ನೂ ಬದಿಗಿಟ್ಟು, ಕಲಿಯುವವನಿಗೆ ಏನು ಕಾಣುತ್ತದೆ, ಯಾವ ಸದ್ದು ತಗ್ಗುತ್ತದೆ, ಕೋಲು ಕೈಗೆ ಯಾವಾಗ ಸಡಿಲವೆನಿಸುತ್ತದೆ, ಎಂಬುದನ್ನು ಗ್ರಂಥಕರ್ತರು ಬಿಡಿಬಿಡಿಯಾಗಿ ಹೇಳುತ್ತಾರೆ. 1939ರಲ್ಲಿ ಅವರು ತಮ್ಮ ಹಾರಾಟದ ಅನುಭವಗಳನ್ನು ‘ಐ’ಲ್ ಟೇಕ್ ದಿ ಹೈ ರೋಡ್’ ಎಂಬ ಗ್ರಂಥದಲ್ಲಿ ನಿರೂಪಿಸಿದ್ದರು. ಐದು ವರ್ಷಗಳ ತರುವಾಯ ಬಂದ ಈ ಗ್ರಂಥದಲ್ಲಿ ‘ನಾನು’ ಹಿಂದೆ ಸರಿದಿದೆ. ಅನುಭವವು ಮಾಗಿ ಶಾಸ್ತ್ರವಾಗಿದೆ.

ದೋಷಗಳಿಲ್ಲವೆಂದಲ್ಲ. ಒಂದೇ ಮಾತನ್ನು ನಾಲ್ಕು ಬಗೆಯಾಗಿ ಹೇಳುವ ಅಭ್ಯಾಸವು ಬಳಲಿಕೆಯನ್ನು ತರುತ್ತದೆ. ಪಾಠ ಹೇಳಿದವರಲ್ಲಿ ಇದು ಕ್ಷಮ್ಯ, ಗ್ರಂಥದಲ್ಲಿ ಅಷ್ಟು ಕ್ಷಮ್ಯವಲ್ಲ. ವಿಮಾನದ ಬಾಲದಲ್ಲಿರುವ ಮಡಿಕೆಹಲಗೆಗಳನ್ನು ಎಲ್ಲರೂ ಎಲಿವೇಟರ್ ಎನ್ನುವರು; ಅವು ಮೇಲೆತ್ತುವ ಸಾಧನಗಳಲ್ಲವೆಂದು ಗ್ರಂಥಕರ್ತರು ಫ್ಲಿಪ್ಪರ್ ಎಂಬ ಹೆಸರನ್ನೇ ಹಿಡಿದರು. ತರ್ಕವು ಸರಿ, ಆದರೆ ರೂಢಿಯು ಕೇಳಲಿಲ್ಲ. ಬೆರ್ನೂಲಿಯ ತತ್ತ್ವವನ್ನು ಮರೆತು, ರೆಕ್ಕೆಯು ಗಾಳಿಯನ್ನು ಕೆಳಕ್ಕೆ ತಳ್ಳುವುದರಿಂದ ಮೇಲೆ ನಿಲ್ಲುತ್ತದೆಂದು ತಿಳಿದರೆ ಸಾಕೆನ್ನುವುದೂ ಅತಿಯಾಯಿತು. ಇವೆರಡೂ ಒಂದೇ ಘಟನೆಯ ಎರಡು ವಿವರಣೆಗಳು. ಒಂದು ಸುಳ್ಳೆಂಬ ಭ್ರಮೆಯು ಓದುಗನಿಗೆ ಉಂಟಾಗಬಾರದು. ಅಪಾಯಗಳನ್ನು ಕುರಿತ ಅನುಬಂಧವನ್ನು ಲೇಟನ್ ಕಾಲಿನ್ಸ್ ಎಂಬವರು ಬರೆದಿದ್ದಾರೆ. ಅದು ಉಪಯುಕ್ತವೇ ಆದರೂ ಧ್ವನಿ ಬೇರೆಯಾಗುತ್ತದೆ.

ಆದರೂ ಈ ದೋಷಗಳು ಮೂಲಗುಣವನ್ನು ಮುಚ್ಚಲಾರವು. ಕೈಯಿಂದ ಬಲ್ಲವರು ಸಾಮಾನ್ಯವಾಗಿ ಬರೆಯುವುದಿಲ್ಲ. ಬರೆಯುವವರು ಕೈಯಿಂದ ಬಲ್ಲವರಾಗಿರುವುದಿಲ್ಲ. ನೇಯುವವನ, ದೋಣಿ ನಡೆಸುವವನ, ಕುಲುಮೆಯ ಮುಂದೆ ಕುಳಿತವನ ವಿದ್ಯೆಯು ಎಷ್ಟೋ ಬಾರಿ ಅವನೊಡನೆಯೇ ಮಣ್ಣಾಗುವುದು ಇದರಿಂದಲೇ. ಅಂಥ ವಿದ್ಯೆಯನ್ನೂ ಮಾತಿನಲ್ಲಿ ಹಿಡಿಯಬಹುದು, ಪದವೊಂದು ತಪ್ಪಿದರೆ ಪ್ರಾಣವೇ ಹೋಗಬಹುದಾದ ಎಡೆಯಲ್ಲಿಯೂ ಗದ್ಯವು ನಂಬಿಕೆಗೆ ಪಾತ್ರವಾಗಬಹುದು, ಎಂಬುದಕ್ಕೆ ಈ ಗ್ರಂಥವು ಸಾಕ್ಷಿಯಾಗಿದೆ. ದುಷ್ಯಂತನು ಕಂಡುದನ್ನು ಓದಿ ನಲಿದವರು ಒಮ್ಮೆ ಮಾತಲಿಯ ಕೈಯ ಕಡೆಗೂ ಕಣ್ಣು ಹಾಯಿಸುವುದು ಲೇಸು.