ಇತಿಹಾಸ ಲೇಖನದಲ್ಲಿ ವಂಚನಾವಾಚಕ ಶಬ್ದಗಳು: ಒಂದು ವಿಮರ್ಶೆ

ನಮ್ಮ ಇತಿಹಾಸ ಪಠ್ಯಗಳಲ್ಲಿಯೂ ಅವುಗಳನ್ನು ನೆಚ್ಚಿ ವಿದ್ಯಾರ್ಥಿಗಳು ಬರೆಯುವ ಉತ್ತರಗಳಲ್ಲಿಯೂ ಕಪಟ, ಕುಟಿಲ, ಕುತಂತ್ರ, ಒಳಸಂಚು, ಪಿತೂರಿ, ಮಸಲತ್ತು, ದ್ರೋಹ ಮೊದಲಾದ ಶಬ್ದಗಳು ಧಾರಾಳವಾಗಿ ಬಳಕೆಯಾಗುತ್ತವೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇರಿಸಿದರೂ ವಾಕ್ಯ ಕೆಡುವುದಿಲ್ಲ. ಲೇಖಕನ ಪ್ರೀತಿಗೆ ಪಾತ್ರನಾದವನು ಮಾಡಿದುದು ತಂತ್ರ, ಚಾಣಾಕ್ಷತನ. ಪಾತ್ರನಾಗದವನು ಮಾಡಿದುದು ಕುತಂತ್ರ, ಕಪಟ. ಸಾಕ್ಷ್ಯಗಳ ವಿಚಾರಣೆಯಿಂದ ಆಗಬೇಕಾದ ಕೆಲಸವನ್ನೆಲ್ಲ 'ಕು' ಎಂಬ ಒಂದಕ್ಷರ ಮಾಡಿ ಮುಗಿಸಿಬಿಡುತ್ತದೆ. ಈ ಶಬ್ದಗಳು ನಡೆದುದೇನೆಂಬುದನ್ನು ತಿಳಿಸದೆ, ನಡೆಸಿದವನ ಮೇಲಿನ ತೀರ್ಪನ್ನು ಮಾತ್ರ ತಿಳಿಸುತ್ತವೆ ಎಂಬುದೇ ನಮ್ಮ ಆಕ್ಷೇಪ.

ಮೈಸೂರಿನ ಇತಿಹಾಸದಿಂದಲೇ ಒಂದು ಪ್ರಸಂಗವನ್ನು ತೆಗೆದುಕೊಳ್ಳೋಣ. ಹೈದರಾಲಿಯ ಆಶ್ರಯದಲ್ಲಿ ಮುಂದೆ ಬಂದ ಖಂಡೇರಾಯನು 1760ರಲ್ಲಿ ಅರಮನೆಯ ಪಕ್ಷವನ್ನು ಸೇರಿ ಹೈದರನ ಮೇಲೆ ತಿರುಗಿಬಿದ್ದನು. ಹೈದರನು ಕುಟುಂಬವನ್ನು ಶ್ರೀರಂಗಪಟ್ಟಣದಲ್ಲಿಯೇ ಬಿಟ್ಟು, ರಾತ್ರಿಯಲ್ಲಿ ಕಾವೇರಿಯನ್ನು ದಾಟಿ, ಬೆಂಗಳೂರಿಗೆ ಹೋಗಬೇಕಾಯಿತು. ಮರುವರ್ಷ ನಂಜನಗೂಡಿನ ಬಳಿ ಸೋತ ಮೇಲೆ ಅವನು ತಾನೇ ಅಧಿಕಾರದಿಂದ ಸರಿಸಿದ್ದ ನಂಜರಾಜಯ್ಯನ ಬಳಿಗೆ ಹೋಗಿ, ಪಶ್ಚಾತ್ತಾಪವನ್ನು ತೋರಿ, ಅವನ ಸಹಾಯವನ್ನು ಪಡೆದನು. ಆ ಬಳಿಕ ಖಂಡೇರಾಯನ ಸೇನಾನಾಯಕರಿಗೆ ನಂಜರಾಜಯ್ಯನ ಹೆಸರಿನಲ್ಲಿ ಪತ್ರಗಳು ಹೊರಟವು. ಖಂಡೇರಾಯನನ್ನು ಹಿಡಿದುಕೊಡುವುದಾಗಿ ಆ ನಾಯಕರು ಮೊದಲೇ ಒಪ್ಪಿದ್ದರೆಂದು ತೋರುವಂತೆ ಅವುಗಳ ಒಕ್ಕಣೆಯಿತ್ತು. ಪತ್ರಗಳು ಸೇರಬೇಕಾಗಿದ್ದುದು ನಾಯಕರ ಕೈಯನ್ನಲ್ಲ, ಖಂಡೇರಾಯನ ಕೈಯನ್ನು. ಅವು ಹಾಗೆಯೇ ಸೇರಿದವು. ಅವನು ತನ್ನವರನ್ನೇ ಶಂಕಿಸಿ ಪಾಳೆಯವನ್ನು ಬಿಟ್ಟೋಡಿದನು. ನಾಯಕನಿಲ್ಲದ ಸೈನ್ಯವನ್ನು ಹೈದರನು ಚದರಿಸಿದನು.

ಈ ಕಥನ ನಮಗೆ ಮುಖ್ಯವಾಗಿ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ವಿಲ್ಕ್ಸನ ಗ್ರಂಥದಿಂದ (1810–1817) ಬಂದುದು. ಹೈದರನ ಮನೆತನವನ್ನು ಗೆದ್ದವರ ಅಧಿಕಾರಿ ಅವನೆಂಬುದನ್ನು ಮರೆಯುವಂತಿಲ್ಲ. ಆದರೆ ವಿಲ್ಕ್ಸನನ್ನು ಶಂಕಿಸುವವರು ಕೂಡ ಅವನ ಕಥನವನ್ನೇ ಎತ್ತಿಕೊಂಡು, ವಿಶೇಷಣಗಳನ್ನಷ್ಟೇ ಬದಲಾಯಿಸುವುದುಂಟು. ಹೈದರನ ಅಭಿಮಾನಿಗಳಿಗೆ ಪತ್ರಗಳು ಯುದ್ಧತಂತ್ರ, ಖಂಡೇರಾಯನು ಉಂಡ ಮನೆಗೆ ಎರಡೆಣಿಸಿದ ದ್ರೋಹಿ. ಅರಮನೆಯ ಅಭಿಮಾನಿಗಳಿಗೆ ಪತ್ರಗಳು ಕಪಟ, ಖಂಡೇರಾಯನು ಸ್ವಾಮಿಭಕ್ತ. ಅನ್ನವಿಟ್ಟವನು ಒಬ್ಬ, ಪಟ್ಟದ ಮೇಲಿರುವವನು ಇನ್ನೊಬ್ಬ ಆದಾಗ ಸೇವಕನು ಯಾರಿಗೆ ಋಣಿ ಎಂಬುದು ಆ ಕಾಲದ ನಿಜವಾದ ರಾಜಕೀಯ ಪ್ರಶ್ನೆ. 'ದ್ರೋಹ' ಎಂದು ಬರೆದೊಡನೆ ಆ ಪ್ರಶ್ನೆಯನ್ನು ಕೇಳುವ ಅವಕಾಶವೇ ತಪ್ಪಿಹೋಗುತ್ತದೆ.

ಇದು ನಮ್ಮವರ ದೋಷವೊಂದೇ ಅಲ್ಲ. ಈ ಪತ್ರಗಳಿಗೆ ನಾಲ್ಕು ವರ್ಷ ಮೊದಲು, 1757ರಲ್ಲಿ, ಬಂಗಾಳದಲ್ಲಿ ಕ್ಲೈವನು ಅಮೀಚಂದನನ್ನು ವಂಚಿಸಲು ಎರಡು ಒಪ್ಪಂದಗಳನ್ನು ಸಿದ್ಧಪಡಿಸಿದನು. ಬಿಳಿಯ ಕಾಗದದ್ದು ನಿಜ, ಕೆಂಪು ಕಾಗದದ್ದು ಸುಳ್ಳು. ಸುಳ್ಳಿಗೆ ಸಹಿಹಾಕಲು ಅಡ್ಮಿರಲ್ ವಾಟ್ಸನ್ ಒಪ್ಪದಿರಲು, ಅವನ ಹೆಸರನ್ನು ಬೇರೊಬ್ಬರಿಂದ ಬರೆಯಿಸಲಾಯಿತು. ಮೆಕಾಲೆ ತನ್ನ 1840ರ ಪ್ರಬಂಧದಲ್ಲಿ ಇದನ್ನು ಖಂಡಿಸುತ್ತಾನೆ, ಪ್ರಾಮಾಣಿಕವಾಗಿಯೇ ಖಂಡಿಸುತ್ತಾನೆ. ಆದರೆ ಭಾರತೀಯ ಸಂಚುಗಾರನಿಗೆ ಎದುರಾದಾಗ ಕ್ಲೈವನೂ ಭಾರತೀಯ ಸಂಚುಗಾರನೇ ಆದನೆಂಬುದು ಅವನ ವಿವರಣೆ! ಕೃತ್ಯ ಇಂಗ್ಲಿಷನದು, ಅದಕ್ಕೆ ಹಚ್ಚಿದ ವಿಶೇಷಣ ಮಾತ್ರ ನಮ್ಮ ನಾಡಿನದು.

ಈ ಶಬ್ದಗಳ ಚರಿತ್ರೆಯೂ ಸ್ವಾರಸ್ಯವಾದುದು. ಮಸಲತ್ತು ಅರಬ್ಬೀ ಮೂಲದ್ದು. ಅಲ್ಲಿ ಅದರ ಅರ್ಥ ಹಿತ, ಒಳಿತು. ನೆರೆಯ ಮರಾಠಿಯಲ್ಲಿ ಆಲೋಚನೆ, ಸಮಾಲೋಚನೆ ಎಂಬರ್ಥ ನಿಂತಿದೆ. ನಮ್ಮಲ್ಲಿ ಅದು ಸಂಚಾಗಿಬಿಟ್ಟಿದೆ. ಹುನ್ನಾರದ ಮೂಲ ಪಾರ್ಸಿಯ ಹುನರ್. ಕಲೆ, ಕೌಶಲ ಎಂದರ್ಥ. ದರಬಾರಿನ ಮಾತು ಊರಿಗೆ ಬರುವಷ್ಟರಲ್ಲಿ ಹಿತವು ಸಂಚಾಗಿ, ಕೌಶಲವು ಮೋಸವಾಗಿ ಮಾರ್ಪಟ್ಟಿತು. ದರಬಾರನ್ನು ಜನರು ಹೇಗೆ ಕಂಡರೆಂಬುದಕ್ಕೆ ಇದೂ ಒಂದು ಸಾಕ್ಷ್ಯವೆಂದು ಊಹಿಸಲು ಅಡ್ಡಿಯಿಲ್ಲ. ಆದರೆ ಇಂತಹ ಶಬ್ದವನ್ನು ಹಳೆಯ ಕಾಗದಪತ್ರಗಳಲ್ಲಿ ಕಂಡಾಗ ಇಂದಿನ ಅರ್ಥವನ್ನು ಹೊರಿಸಿ ಓದಿದರೆ, ಮಂತ್ರಾಲೋಚನೆಗೆ ಕುಳಿತವರೆಲ್ಲ ಸಂಚುಗಾರರಾಗಿ ಕಾಣುವರು.

ಹಾಗಾದರೆ ಕೃತ್ಯವನ್ನೇ ಹೆಸರಿಸುವ ಶಬ್ದಗಳು ನಮಗಿಲ್ಲವೇ? ಇವೆ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರವು ಅವುಗಳ ಭಂಡಾರವೇ ಸರಿ. ಅಮಾತ್ಯರ ಶುದ್ಧಿಯನ್ನು ಅರಿಯಲು ಒಡ್ಡುವ ಸುಳ್ಳು ಪ್ರಲೋಭನೆ ಉಪಧಾ. ಶತ್ರುವಿನ ಜನರಲ್ಲಿ ಭೇದವನ್ನು ಬಿತ್ತಿ ಒಡೆಯುವುದು ಉಪಜಾಪ. ಬಯಲಿನಲ್ಲಿ ಎದುರಾಗದೆ ಮರೆಮೋಸದಿಂದ ಕಾದುವುದು ಕೂಟಯುದ್ಧ. ಧರ್ಮಶಾಸ್ತ್ರಗಳಲ್ಲಿ ಸುಳ್ಳು ದಸ್ತಾವೇಜು ಕೂಟಲೇಖ್ಯ, ಸುಳ್ಳು ರಾಜಶಾಸನ ಕೂಟಶಾಸನ. ಹರ್ಷವರ್ಧನನು ಮಧುಬನ ತಾಮ್ರಪಟದಲ್ಲಿ, ಒಬ್ಬನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದ ಗ್ರಾಮವನ್ನು ಹಿಂದಕ್ಕೆ ಪಡೆದು ಬೇರೆಯವರಿಗೆ ದತ್ತಿ ಕೊಟ್ಟುದನ್ನು ಹೇಳುವಾಗ ಈ ಶಬ್ದವನ್ನೇ ಬಳಸಿದ್ದಾನೆ. ಶಾಸನತಜ್ಞರು ಒಂದು ತಾಮ್ರಪಟವನ್ನು ಕೂಟವೆನ್ನುವ ಮೊದಲು ಲಿಪಿ, ತಿಥಿ, ವಂಶಾವಳಿಗಳನ್ನೆಲ್ಲ ಶೋಧಿಸುತ್ತಾರೆ. ತಗಡಿಗೆ ಸಲ್ಲುವ ಈ ನ್ಯಾಯ ಮನುಷ್ಯನಿಗೆ ಏಕೆ ಸಲ್ಲಬಾರದು?

ಈ ಪರಿಭಾಷೆಯನ್ನು ಪ್ರಯೋಗಿಸಿ ನೋಡಿದರೆ ಹೈದರನ ಪತ್ರಗಳೂ ಕ್ಲೈವನ ಕೆಂಪು ಕಾಗದವೂ ಕೂಟಲೇಖ್ಯದ ವರ್ಗಕ್ಕೆ ಸೇರುತ್ತವೆ. ಎರಡರ ನಡುವಣ ಭೇದವೂ ಆಗ ಸ್ಪಷ್ಟವಾಗುತ್ತದೆ. ಕ್ಲೈವನದು ನಂಬಿಸಿ ಕೆಡಿಸುವ ಕಾಗದ. ಹೈದರನದು ಅಪನಂಬಿಕೆಯನ್ನು ಹುಟ್ಟಿಸಿ ಕೆಡಿಸುವ ಕಾಗದ. ಹೈದರನು ಖಂಡೇರಾಯನ ನಾಯಕರನ್ನು ಒಡೆಯಲಿಲ್ಲ, ಒಡೆದಂತೆ ತೋರಿಸಿದನು. ಅದು ಉಪಜಾಪವಲ್ಲ, ಉಪಜಾಪದ ಸೋಗು. 'ಕಪಟ' ಎಂಬ ಒಂದೇ ಮಾತಿನಲ್ಲಿ ಈ ಭೇದವೆಲ್ಲ ಮುಳುಗಿಹೋಗುತ್ತಿತ್ತು.

ಪ್ರಸಂಗದ ಕೊನೆಯ ಭಾಗ ಇನ್ನೂ ಸೂಕ್ಷ್ಮವಾದುದು. ಖಂಡೇರಾಯನನ್ನು ಗಿಳಿಯಂತೆ ಸಾಕುವೆನೆಂದು ಮಾತು ಕೊಟ್ಟ ಹೈದರನು ಅವನನ್ನು ಕಬ್ಬಿಣದ ಪಂಜರದಲ್ಲಿರಿಸಿ ಹಾಲು ಅನ್ನವನ್ನು ಕೊಡಿಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಇಲ್ಲಿ ವಚನಭಂಗವಾಗಿಲ್ಲ, ಆದರೂ ವಂಚನೆಯಾಗಿದೆ. ಆಡಿದ ಮಾತಿಗೆ ಆಡಿದವನ ಅಭಿಪ್ರಾಯವಲ್ಲದ ಅರ್ಥವನ್ನು ಹಚ್ಚುವುದನ್ನು ನ್ಯಾಯಶಾಸ್ತ್ರವು ವಾಕ್ಛಲವೆಂದು ಕರೆಯುತ್ತದೆ; ಹೊಸ ಕಂಬಳಿಯುಳ್ಳವನೆಂಬ ಅರ್ಥದ 'ನವಕಂಬಲ'ಕ್ಕೆ ಒಂಬತ್ತು ಕಂಬಳಿಯವನೆಂದು ಅರ್ಥಮಾಡುವುದು ಅದರ ಪ್ರಸಿದ್ಧ ಉದಾಹರಣೆ. ಅಲ್ಲಿ ಕೇಳಿದವನು ಮಾಡುವುದನ್ನು ಇಲ್ಲಿ ಮಾತು ಕೊಟ್ಟವನೇ ಮಾಡಿದನು. ಆದರೆ ಬರಿಯ 'ಛಲ' ಎಂದರೆ ಸಾಲದು. ಪಂಪನ ಕಾಲದಿಂದಲೂ ಕನ್ನಡಕ್ಕೆ ಛಲವು ದುರ್ಯೋಧನನ ಗುಣ, ಮೆಚ್ಚತಕ್ಕ ಗುಣ. ಹೈದರನು ಖಂಡೇರಾಯನಲ್ಲಿ ಛಲದಿಂದ ನಡೆದುಕೊಂಡನೆಂದು ವಿದ್ಯಾರ್ಥಿ ಬರೆದರೆ, ಪರೀಕ್ಷಕನು ಅದನ್ನು ಹೊಗಳಿಕೆಯೆಂದೇ ಓದಿಯಾನು.