ಕೋಣೆ ಸಿಕ್ಕವನ ಮುಕ್ತಿ

ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961) ಕನ್ನಡದ ಮೊದಮೊದಲ ನವ್ಯ ಕಾದಂಬರಿಗಳಲ್ಲಿ ಒಂದೆಂದು ವಿಮರ್ಶೆ ಒಪ್ಪಿಕೊಂಡು ಬಹಳ ಕಾಲವಾಯಿತು. ವ್ಯಕ್ತಿಸ್ವಾತಂತ್ರ್ಯದ ಶೋಧ, ಆಯ್ಕೆಯ ಸಂಕಟ, ಪರಕೀಯತೆ ಎಂಬ ಮಾತುಗಳನ್ನು ತರಗತಿಯ ಟಿಪ್ಪಣಿಗಳಲ್ಲಿ ನಾವೂ ಬರೆದುಕೊಂಡವರೇ. ನನ್ನ ಪ್ರಶ್ನೆ ಬೇರೆ. ಈ ಶೋಧಕ್ಕೆ ಹೊರಡಬೇಕಾದರೆ ಒಬ್ಬ ಮನುಷ್ಯನಿಗೆ ಮೊದಲೇ ಏನೇನು ಸಿಕ್ಕಿರಬೇಕು?

ಹುಬ್ಬಳ್ಳಿಯ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕ ಪ್ರತಿಯನ್ನು ಮಿಶ್ರಿಕೋಟಿಗೆ ತಂದು ಓದಿದೆ. ಮೊದಲು ಓದಿದ್ದವರು ಯಾರೋ ಪ್ರೇಮದ ಪುಟಗಳಿಗಷ್ಟೇ ಗೆರೆ ಎಳೆದಿದ್ದರು. ಗೌರೀಶ ಮುಂಬಯಿಯಲ್ಲಿ ಪ್ರೇಮ, ಕಾಮ, ಸ್ನೇಹಗಳಲ್ಲಿ ಸಿಕ್ಕಿಕೊಂಡು, ಅವುಗಳಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಾನೆ. ಆ ಒದ್ದಾಟ ಸುಳ್ಳಲ್ಲ. ಪ್ರಗತಿಶೀಲರ ಘೋಷಣೆಗಳ ನಂತರ ಇಂಥ ನಿಷ್ಠುರ ಆತ್ಮಪರೀಕ್ಷೆ ಕನ್ನಡಕ್ಕೆ ಬೇಕಿತ್ತು. ಆದರೆ ಗೌರೀಶನಿಗೆ ಊರು ಬಿಟ್ಟುಬರಬಹುದಾದದ್ದು. ನಮಗ ಹಂಗಲ್ಲ. ಊರು ನಮ್ಮ ಬೆನ್ನಹಿಂದನ ಬಸ್ ಹತ್ತಿ ಬರ್ತದ.

ಧಾರವಾಡದಲ್ಲಿ ನಾನು ಕೋಣೆ ಹುಡುಕುತ್ತಿದ್ದಾಗ ಒಬ್ಬ ಮನೆಯೊಡತಿ ಬಾಡಿಗಿ ಹೇಳಿ, ಮುಂಗಡ ಹೇಳಿ, ಕಡೀಕ ಕೇಳಿದರು: “ತಮ್ಮಾ, ನೀವು ಯಾವ ಪೈಕಿ?” ಹೇಳಿದೆ. “ಸಂಜೀಕ ಬಾ, ನಮ್ಮವರನ್ನ ಕೇಳಿ ಹೇಳ್ತೀನಿ.” ಸಂಜೀಕ ಹೋದರ ಬಾಗಿಲಿಗೆ ಕೀಲಿ.

ಮರಾಠಿಯ ಬಾಬುರಾವ್ ಬಾಗೂಲರ ‘ಜೆವ್ಹಾ ಮೀ ಜಾತ ಚೋರಲಿ ಹೋತಿ’ ಬಂದದ್ದು 1963ರಲ್ಲಿ, ‘ಮುಕ್ತಿ’ಯ ಎರಡೇ ವರ್ಷದ ನಂತರ. ರೈಲ್ವೆ ಕೆಲಸಕ್ಕೆ ಬಂದ ದಲಿತ ಜಾತಿ ಮುಚ್ಚಿಟ್ಟು ಕೋಣೆ ಹಿಡಿಯುತ್ತಾನೆ. ಗೊತ್ತಾದಾಗ ಹೊಡೆತ ತಿನ್ನುತ್ತಾನೆ. ಗೌರೀಶ ‘ನಾನು ಯಾರು’ ಎಂದು ತನ್ನನ್ನೇ ಕೇಳಿಕೊಳ್ಳಬಲ್ಲ. ಬಾಗೂಲರ ನಾಯಕನಿಗೆ ತಾನು ಯಾರೆಂದು ಗೊತ್ತು, ಬಾಯಿಬಿಟ್ಟು ಹೇಳುವಂತಿಲ್ಲ. ನವ್ಯ ವಿಮರ್ಶೆ ಮೊದಲನೆಯದನ್ನು ಮನುಷ್ಯನ ಅಸ್ತಿತ್ವದ ಪ್ರಶ್ನೆ ಎಂದಿತು. ಎರಡನೆಯದು ‘ಸಾಮಾಜಿಕ ಸಮಸ್ಯೆ’ಯಾಗಿ ಉಳಿಯಿತು. ಈ ತಾರತಮ್ಯವೂ ಜಾತಿಯದೇ.

ಗೌರೀಶನ ಆ ಮುಂಬಯಿಯಲ್ಲೇ 1972ರಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಗಲಭೆಯಾಯಿತು, ಅವರ ಮಂತ್ರಿಗಿರಿ ಹೋಯಿತು. ಅದೇ ವರ್ಷ ದೇವನೂರ ಮಹಾದೇವರ ‘ದ್ಯಾವನೂರು’, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆ ಮಾದಿಗರ ಹಾಡು’ ಬಂದವು.

ಹಾಗಾದರೆ ‘ಮುಕ್ತಿ’ ಬೂಸಾವೇ? ನಮ್ಮ ಕೆಲ ಗೆಳೆಯರು ಹೌದು ಅಂತಾರ. ನಾನು ಒಪ್ಪುವುದಿಲ್ಲ. ತನ್ನನ್ನು ತಾನೇ ಬಯಲಿಗಿಡುವ ಧೈರ್ಯ ನವ್ಯದ ನಿಜವಾದ ಗಳಿಕೆ. ಆ ಧೈರ್ಯ ನಮಗೂ ಬೇಕು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ‘ನಾನು’ ಎಂದಾಗ ಅದರ ಹಿಂದೆ ಇಡೀ ಕೇರಿಯೇ ನಿಂತಿರುತ್ತದೆ. ಅಲ್ಲಿ ಒಬ್ಬನ ಬಿಡುಗಡೆ ಒಬ್ಬನದಷ್ಟೇ ಆಗಿ ಉಳಿಯುವುದಿಲ್ಲ.

ಅದಕ್ಕೇ ‘ಮುಕ್ತಿ’ಯನ್ನು ಪಠ್ಯದಿಂದ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಪಕ್ಕದಲ್ಲಿ ಬಾಗೂಲರನ್ನಿಟ್ಟು ಕಲಿಸಿರಿ. ಕೋಣೆಯ ಒಳಗಿನ ಸಂಕಟ ವಿವರಿಸುವ ಮೇಷ್ಟ್ರು, ಆ ಕೋಣೆಯ ಕೀಲಿ ಯಾರ ಕೈಲಿತ್ತು ಎಂಬುದನ್ನೂ ಹೇಳಲಿ.